ತಾನಾಗೇ ಈಯುತ್ತವಂತೆ!

“ಬೆಳಕಿಗೆ ಅಡ್ಡ ನಿಂತ್ಕೋಬೇಡಿ. ಆ ಕಡೆ ಸರೀರಿ.”

ಪತ್ರಿಕೆಯಿಂದ ಬಂದ ನಮ್ಮಿಬ್ಬರಿಗೆ ಸಿಗುವ ಸ್ವಾಗತ ಇಷ್ಟೇ. ಸೂರ್ಯ ಇನ್ನೂ ಪೂರ್ತಿ ಮೇಲೆದ್ದಿಲ್ಲ. ಕುರಿದೊಡ್ಡಿಯ ಬಾಗಿಲಿನಿಂದ ಬರುವ ಬೂದು ಬೆಳಕಿನಲ್ಲಿ ಮರಿಯಕ್ಕ ಒಣಹುಲ್ಲಿನ ಮೇಲೆ ಒಂದು ಮಗ್ಗುಲಿಗೆ ಮಲಗಿದ್ದಾರೆ. ಕೆನ್ನೆ ಕುರಿಯ ತೊಡೆಗೆ ಒತ್ತಿಕೊಂಡಿದೆ. ಬಲಗೈ ಮಣಿಕಟ್ಟು ದಾಟಿ ಕುರಿಯೊಳಗಿದೆ. ಕಣ್ಣು ಮುಚ್ಚಿದ್ದಾರೆ; ನಿದ್ದೆಯಲ್ಲ, ಒಳಗಿರುವುದನ್ನು ಬೆರಳಿನಲ್ಲಿ ನೋಡುತ್ತಿದ್ದಾರೆ. ಹೊಟ್ಟೆಯಲ್ಲಿರುವುದು ಎರಡು ಮರಿ, ಎರಡೂ ಒಂದೇ ಸಲ ಹೊರಟಿವೆ.

“ಇದು ಇವನ ಕಾಲು. ಇದೂ ಇವನ… ಅಯ್ಯೋ ಅಲ್ಲ, ಇದು ಹಿಂದಿರೋನದ್ದು. ಒಬ್ಬೊಬ್ಬರಾಗಿ ಬನ್ರಪ್ಪಾ! ಇರೋದು ಒಂದೇ ಬಾಗಿಲು.”

ದೊಡ್ಡಿಯ ಹೊಸ್ತಿಲಾಚೆ, ನಮಗೆ ಬೆನ್ನು ಹಾಕಿ, ಮನೆಯ ಯಜಮಾನರು ನಿಂತಿದ್ದಾರೆ. ಮರಿಯಕ್ಕನ ಗಂಡ. ರಕ್ತ ಕಂಡರೆ ಅವರಿಗೆ ತಲೆ ಸುತ್ತುತ್ತದೆ. ಒಮ್ಮೆ ಇದೇ ಹುಲ್ಲಿನ ಮೇಲೆ ದೊಪ್ಪನೆ ಬಿದ್ದು, ಈಯುತ್ತಿದ್ದ ಕುರಿಯನ್ನು ಬಿಟ್ಟು ಅವರ ಮುಖಕ್ಕೆ ನೀರು ಚಿಮುಕಿಸಬೇಕಾಯಿತಂತೆ. ಅಂದಿನಿಂದ ಅವರ ಜಾಗ ಹೊರಗೆ, ಮುಖ ಹೊಲದ ಕಡೆ. ಸಲಹೆಗೆ ಮಾತ್ರ ಬರವಿಲ್ಲ. “ಎಳೀಬೇಡ ಕಣೇ, ತಾನಾಗೇ ಬರುತ್ತೆ,” ಎಂದು ಹೊಲಕ್ಕೆ ಹೇಳುತ್ತಾರೆ.

“ಹೂಂ, ತಾನಾಗೇ ಬರುತ್ತೆ. ನಾನು ಇಲ್ಲಿ ಕೈ ಬೆಚ್ಚಗೆ ಮಾಡ್ಕೊಳ್ತಾ ಮಲಗಿದ್ದೀನಿ,” ಎನ್ನುತ್ತಾರೆ ಮರಿಯಕ್ಕ.

ಮೊದಲ ಮರಿ ಜಾರಿ ಬರುತ್ತದೆ, ಬಂದದ್ದೇ ತಲೆ ಕೊಡವುತ್ತದೆ. ಎರಡನೆಯದು ಒದ್ದೆ ಬಟ್ಟೆಯ ಹಾಗೆ ಬಂದು ಹಾಗೇ ಬೀಳುತ್ತದೆ. ಮರಿಯಕ್ಕ ಅದರ ಮೂಗು ಬಾಯಿ ಒರೆಸಿ, ಒಂದು ಹುಲ್ಲುಕಡ್ಡಿಯನ್ನು ಮೂಗಿನೊಳಗೆ ತೂರಿಸಿ ಆಡಿಸುತ್ತಾರೆ. ಏನೂ ಇಲ್ಲ. ಹಿಂಗಾಲು ಹಿಡಿದು ತಲೆಕೆಳಗು ಮಾಡಿ, ಪಕ್ಕೆ ತಿಕ್ಕಿ, ಮತ್ತೆ ಕಡ್ಡಿ. “ಸೀನೋ, ಸೀನೋ, ನಿನ್ ದಮ್ಮಯ್ಯ.” ಮರಿ ಸೀನುತ್ತದೆ. ಮರಿಯಕ್ಕ ಅದನ್ನು ತಾಯಿಯ ಮೂಗಿನ ಮುಂದೆ ಇಟ್ಟು, ಗೋಡೆಗೆ ಒರಗಿ ಕೂರುತ್ತಾರೆ.

ಅಷ್ಟರಲ್ಲಿ ಗೇಟಿನ ಹತ್ತಿರ ಹಾಲಿನ ಗಾಡಿಯವನ ಹಾರನ್ನು. ದಿನಾ ಬೆಳಿಗ್ಗೆ ಸಂಜೆ ಹಾಲು ಒಯ್ಯಲು ಬರುವ ಅವನು, ಈಯುವ ಕಾಲದಲ್ಲಿ ಹಾಲಿಗಿಂತ ಮೊದಲು ಮರಿಗಳ ಸುದ್ದಿ ಕೇಳುತ್ತಾನೆ. “ಏನಣ್ಣಾ, ಈದವಾ?”

“ಈದವಪ್ಪಾ, ಅವಳಿ!” ಯಜಮಾನರು ಎದೆಯುಬ್ಬಿಸಿ ಹೋಗುತ್ತಾರೆ. “ನಮ್ಮದು ಒಳ್ಳೆ ತಳಿ ನೋಡು. ಎಲ್ಲಾ ತಾನಾಗೇ ಈಯುತ್ವೆ.”

ಮರಿಯಕ್ಕ ನಮ್ಮ ಕಡೆ ನೋಡುತ್ತಾರೆ. ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. “ಕೇಳಿಸ್ಕೊಂಡ್ರಲ್ಲ? ಬರ್ಕೊಳ್ಳಿ.”

ಎಲೆಮರೆಯ ಕಾಯಿ ಎಂದು ನಾವು ಪತ್ರಿಕೆಯವರು ಸುಲಭವಾಗಿ ಬರೆದುಬಿಡುತ್ತೇವೆ. ಈ ಮನೆಯಲ್ಲಿ ಆ ಎಲೆ ಯಾವುದು ಎಂದು ಕೇಳಿದರೆ ನಾನು ‘ತಾನಾಗೇ’ ಎಂಬ ಈ ಒಂದು ಪದವನ್ನು ತೋರಿಸುತ್ತೇನೆ. ಕುರಿ ತಾನಾಗೇ ಈಯುತ್ತದೆ, ಮರಿ ತಾನಾಗೇ ಕುಡಿಯುತ್ತದೆ, ಈದ ಹಸುವಿನ ಮಾಸು ತಾನಾಗೇ ಬೀಳುತ್ತದೆ, ದೊಡ್ಡಿಯ ಹುಲ್ಲು ತಾನಾಗೇ ಬದಲಾಗಿ ಒಣಗಿರುತ್ತದೆ. ಹಾಗಿದ್ದರೆ ಈ ಹೆಂಗಸು ಈಯುವ ಕಾಲವಿಡೀ ದೊಡ್ಡಿಯಲ್ಲಿ ಏನು ಮಾಡುತ್ತಿರುತ್ತಾರೆ ಎಂದು ಯಾರೂ ಕೇಳಿದಂತಿಲ್ಲ.

ಮನೆ ಚಿಕ್ಕದು, ಹೊಲವೂ ಚಿಕ್ಕದು. ಒಂದು ಪಕ್ಕಕ್ಕೆ ತಗಡಿನ ಸೂರಿನ ದೊಡ್ಡಿ, ಅದಕ್ಕೆ ಅಂಟಿಕೊಂಡು ಹಸುಗಳ ಕೊಟ್ಟಿಗೆ, ನಡುವೆ ಅರ್ಧ ಗೋಡೆ. ಆ ಗೋಡೆ ಹಾರಿ ಹಾರಿ ಅದರ ಮೇಲಿನ ಗಾರೆ ನುಣುಪಾಗಿದೆ. ಮೊದಲೆಲ್ಲ ಕುರಿ ಒಂದು ಕಾಲಕ್ಕೆ, ಹಸು ಇನ್ನೊಂದು ಕಾಲಕ್ಕೆ ಈಯುತ್ತಿದ್ದವು. ಯಜಮಾನರು ತಲೆ ಓಡಿಸಿ, ಎರಡನ್ನೂ ಒಂದೇ ತಿಂಗಳಿಗೆ ಹೊಂದಿಸಿದ್ದಾರೆ.

“ಒಂದೇ ಸಲ ಮುಗಿದುಹೋದ್ರೆ ಒಳ್ಳೇದಲ್ವಾ ಸಾರ್? ರಗಳೆ ಇಲ್ಲ,” ಎಂದು ಅವರು ನನಗೆ ವಿವರಿಸುತ್ತಾರೆ.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ,” ಎಂದು ಗೋಡೆಯಾಚೆಯಿಂದ ಹೆಂಡತಿ. “ರಗಳೆ ಯಾರಿಗಿಲ್ಲ, ಅದನ್ನೂ ಹೇಳಿ.”

ಮರಿಯಕ್ಕ ಹುಟ್ಟಿದ್ದು ದನಕರುವಿಲ್ಲದ ಮನೆಯಲ್ಲಿ. ಅಪ್ಪ ದರ್ಜಿ. ಬಟ್ಟೆಯ ಚೂರುಗಳ ಮೇಲೆ ಆಡಿ ಬೆಳೆದವರು, ಗುಂಡಿ ಹೊಲಿಯುತ್ತ ದೊಡ್ಡವರಾದವರು. ಮದುವೆಯಾಗಿ ಬಂದ ಮೊದಲ ವರ್ಷ ಕುರಿಯ ಹತ್ತಿರ ಹೋಗಲೂ ಹೆದರುತ್ತಿದ್ದರಂತೆ. ಆಗ ಈ ಕೆಲಸವೆಲ್ಲ ಮಾವನದು. ಒಂದು ಮುಂಜಾನೆ ಎಳೆಯ ಕುರಿಯೊಂದು ಈಯಲಾರದೆ ಒದ್ದಾಡುತ್ತಿತ್ತು. ಮಾವನ ಕೈ ಅಗಲ, ಒಳಗೆ ಹೋಗಲಿಲ್ಲ. ಅವರು ಸುತ್ತ ನೋಡಿ, ಚಹಾ ತಂದು ನಿಂತಿದ್ದ ಹೊಸ ಸೊಸೆಯ ಕೈಯನ್ನು ಕಂಡರು.

“‘ಲೋಟ ಕೆಳಗಿಡಮ್ಮ, ಕೈ ತೊಳ್ಕೊಂಡು ಬಾ’ ಅಂದ್ರು. ಅಷ್ಟೇ. ಅವತ್ತು ಕೆಳಗಿಟ್ಟ ಲೋಟ ಇನ್ನೂ ಎತ್ಕೊಂಡಿಲ್ಲ ನಾನು,” ಎನ್ನುತ್ತಾರೆ. “ಕೈ ಚಿಕ್ಕದಾಗಿದ್ದೇ ತಪ್ಪಾಯ್ತು ನೋಡಿ. ನಮ್ಮಪ್ಪ ಈ ಬೆರಳು ನೋಡಿ, ಸೂಜಿ ಕೆಲಸಕ್ಕೆ ಹೇಳಿ ಮಾಡಿಸಿದ ಬೆರಳು ಅಂತಿದ್ದ.”

ಮಾವ ಇಂದಿಲ್ಲ. ಆದರೆ ಅವರು ಇದ್ದಷ್ಟು ದಿನ, ಮರಿ ಬದುಕಿದಾಗ ಸೊಸೆಯ ಬೆನ್ನು ತಟ್ಟಿ “ಗೆದ್ದೆ ಬಿಡಮ್ಮ” ಎನ್ನುತ್ತಿದ್ದರಂತೆ. ಅವರು ಹೋದ ಮೇಲೆ ಕೆಲಸ ಉಳಿಯಿತು, ಆ ಮಾತು ಹೋಯಿತು. ಇದನ್ನು ಹೇಳುವಾಗ ಮಾತ್ರ ಮರಿಯಕ್ಕನ ದನಿಯಲ್ಲಿ ಸಿಡುಕಿಲ್ಲ.

ಮೊಳೆಗೆ ನೇತುಹಾಕಿದ್ದ ಅಂಗಿಯನ್ನು ತೆಗೆದು ಅವರು ಬಟ್ಟೆಯ ಮೇಲೆ ತೊಡುತ್ತಾರೆ. ಗಂಡನ ಹಳೆಯ ನೀಲಿ ಗೀಟಿನ ಅಂಗಿ. ಕೈ ಹಾಕುವ ಕೆಲಸವಿದ್ದಾಗ ಬಿಚ್ಚಿಡುತ್ತಾರೆ, ಮುಗಿದ ಮೇಲೆ ಚಳಿಗೆ ಮತ್ತೆ ಹಾಕಿಕೊಳ್ಳುತ್ತಾರೆ. ಮುಂಭಾಗದಲ್ಲಿ ಹಳದಿಯೂ ಕಂದೂ ಆದ ಕಲೆ ಒಣಗಿ ಗರಿಗರಿಯಾಗಿದೆ. ಅಡುಗೆಮನೆಯ ಕಿಟಕಿಯಿಂದ ಅತ್ತೆಯ ದನಿ: “ಏ ತಾಯಿ, ಆ ಹೇಸಿಗೆ ಅಂಗಿ ತೆಗೆದು ಹಾಕೇ! ಪೇಪರ್‌ನವರು ಫೋಟೋ ಹಿಡೀತಾರೆ. ಜನ ನೋಡಿದ್ರೆ ಏನಂದುಕೊಂಡಾರು? ನಿನ್ನೆಯಿಂದ ಹೇಳ್ತಿದ್ದೀನಿ.”

“ಆಯ್ತು ಅತ್ತೆ, ಆಮೇಲೆ.”

“ಆಮೇಲೆ ಅಂತೆ. ಬೆಳಿಗ್ಗೆಯೇ ಒಗೆದು ಹಾಕೋಣ ಅಂತ ಕೈಗೆತ್ಕೊಂಡ್ರೆ ಕಿತ್ಕೊಂಡು ಹೋದಳು.”

ಅತ್ತೆಗೆ ಶುಚಿಯ ಗೀಳು. ಅವರ ಅಡುಗೆಮನೆಯ ಪಾತ್ರೆಗಳಲ್ಲಿ ಮುಖ ನೋಡಿಕೊಳ್ಳಬಹುದು. ಕೊಟ್ಟಿಗೆ, ದೊಡ್ಡಿಗೆ ಅವರು ಎಂದೂ ಇಳಿದವರಲ್ಲ. ಗಂಡ ಒಳಗೆ ಬರುವ ಮೊದಲು ಕಾಲಿಗೆ ನೀರು ಸುರಿಯುವುದೇ ಅವರ ಪಾಲಿನ ದನಸಾಕಣೆಯಾಗಿತ್ತು. ನಾವು ಬರುತ್ತೇವೆಂದು ತಿಳಿದಾಗಿನಿಂದ ಮನೆಯಲ್ಲಿ ಗುಡಿಸದ ಮೂಲೆಯಿಲ್ಲ.

“ಬನ್ನಿ, ನಮ್ಮ ಗಯ್ಯಾಳಿ ಮಗ ತೋರಿಸ್ತೀನಿ,” ಎಂದು ಮರಿಯಕ್ಕ ಏಳುತ್ತಾರೆ. ಈ ಬೆಳಗಿನಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಕಾಣುತ್ತದೆ.

ಗಯ್ಯಾಳಿ ಎಂದರೆ ಮಾವ ಸಾಕಿದ ಹಳೆಯ ಕುರಿ. ಹೆಸರಿಗೆ ತಕ್ಕ ಹಾಗೆ ಯಾರು ಹತ್ತಿರ ಬಂದರೂ ಕಾಲು ಅಪ್ಪಳಿಸುತ್ತದೆ. ಹೋದ ಸಲ ಅದು ಈದ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಒದ್ದಿತು, ಗುದ್ದಿತು, ಮರಿ ಉಳಿಯಲಿಲ್ಲ. ಅದರ ಹಿಂದಿನ ಸಲವೂ ಹಾಗೇ. ಮನೆಯಲ್ಲಿ ತೀರ್ಮಾನವಾಗಿದೆ: ಈ ಸಲ ಮರಿ ಸಾಕಿದರೆ ಸರಿ, ಇಲ್ಲದಿದ್ದರೆ ಗಯ್ಯಾಳಿಯನ್ನು ಕಟುಕನಿಗೆ ಕೊಟ್ಟುಬಿಡುವುದು. “ಇದೊಂದು ಸಲ ನೋಡೋಣ” ಎಂದು ಗಂಡನ ಹತ್ತಿರ ಗೋಗರೆದು ಅವಕಾಶ ಕೇಳಿದವರು ಮರಿಯಕ್ಕ. ಗಯ್ಯಾಳಿ ನಿನ್ನೆ ಮಧ್ಯಾಹ್ನ ಈದಿದೆ. ಮರಿಯಕ್ಕ ಪಕ್ಕದಲ್ಲೇ ಕೂತು, ಮರಿಯನ್ನು ಇದೇ ಅಂಗಿಯ ಮಡಿಲಲ್ಲಿ ಎತ್ತಿ ತಾಯಿಯ ಬಾಯಿಗೆ ಹಿಡಿದು, ಗಿಣ್ಣು ಹಾಲು ಕುಡಿಸಿ, ಇಬ್ಬರನ್ನೂ ದೊಡ್ಡಿಯ ಹಿಂಬದಿಯ ಅಡ್ಡಹಲಗೆಯ ಚಿಕ್ಕ ಗೂಡಿಗೆ ಸೇರಿಸಿದ್ದಾರೆ. ಗಯ್ಯಾಳಿ ನೆಕ್ಕಿತಂತೆ! ಗಂಟಲಿನಲ್ಲೇ ಗೊರಗೊರ ಅಂದಿತಂತೆ.

ಗೂಡಿನ ಮುಂದೆ ಬಂದು ಮರಿಯಕ್ಕ ನಿಲ್ಲುತ್ತಾರೆ. ಗಯ್ಯಾಳಿ ಒಂದೇ ಇದೆ. ಹಲಗೆಯ ಮೇಲೆ ಕತ್ತು ಚಾಚಿ ಕೂಗುತ್ತಿದೆ.

“ಮರಿ ಎಲ್ಲಿ?”

ಉತ್ತರ ಬಚ್ಚಲ ಕಡೆಯಿಂದ ಬರುತ್ತದೆ, ಪರಿಮಳದ ಸಮೇತ. ಅತ್ತೆ ಬಿಳಿ ಟವೆಲ್ಲಿನಲ್ಲಿ ಸುತ್ತಿದ ಮರಿಯನ್ನು ಎದೆಗವಚಿಕೊಂಡು ಬರುತ್ತಿದ್ದಾರೆ. ಮರಿ ಹತ್ತಿಯ ಹಾಗೆ ಬೆಳ್ಳಗೆ ಅರಳಿದೆ. ಕಿವಿಯ ಹಿಂದೆ ಕೂಡ ಉಜ್ಜಿದ್ದಾರೆ. ನೆಂಟರು ಬಂದಾಗ ಮಾತ್ರ ಹೊರಬರುವ ಗುಲಾಬಿ ಸೋಪು ಅದು. ಇಡೀ ದೊಡ್ಡಿ ಮದುವೆ ಮನೆಯಾಗುತ್ತದೆ.

“ನೋಡಿ, ಈಗ ಹೇಗಿದ್ದಾನೆ ನನ್ನ ರಾಜ! ಬಿಸಿನೀರಲ್ಲೇ ಮಾಡಿಸಿದ್ದೀನಿ, ಶೀತ ಆಗಲ್ಲ,” ಎನ್ನುತ್ತಾರೆ ಅತ್ತೆ, ನಮ್ಮ ಛಾಯಾಗ್ರಾಹಕನ ಕಡೆ ನೋಡುತ್ತ.

ಮರಿಯಕ್ಕ ಟವೆಲ್ಲು ಬಿಡಿಸುತ್ತಾರೆ. ಮರಿಯನ್ನು ತೆಗೆದುಕೊಂಡು ಗೂಡಿಗೆ ಬಿಡುತ್ತಾರೆ. ಮರಿ ಸೀದಾ ಕೆಚ್ಚಲಿಗೆ ನುಗ್ಗುತ್ತದೆ. ಗಯ್ಯಾಳಿ ಹಿಂದೆ ತಿರುಗಿ ಅದರ ಬಾಲ ಮೂಸುತ್ತದೆ, ಮತ್ತೊಮ್ಮೆ ಮೂಸುತ್ತದೆ, ತಲೆ ತಗ್ಗಿಸಿ ಗುದ್ದುತ್ತದೆ. ಮರಿ ಹಲಗೆಗೆ ಬಡಿದು ಬೀಳುತ್ತದೆ. ಎದ್ದು ಮತ್ತೆ ಹೋಗುತ್ತದೆ, ಮತ್ತೆ ಗುದ್ದು. ಮರಿಯನ್ನು ಕಾಲ ಬುಡದಲ್ಲೇ ಇಟ್ಟುಕೊಂಡು ಗಯ್ಯಾಳಿ ಬಾಗಿಲ ಕಡೆ ನೋಡಿ ತನ್ನ ಮರಿಗಾಗಿ ಕೂಗುತ್ತದೆ.

ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೆ ಹೆಗ್ಗಣ ಹೆಗ್ಗಣದ ವಾಸನೆಯಲ್ಲೇ ಇರಬೇಕು.

“ಅತ್ತೆ!” ಮರಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. “ಯಾರು ಹೇಳಿದ್ರು ನಿಮಗೆ? ಕುರಿ ಕಣ್ಣಲ್ಲಿ ಮಗನ್ನ ಗುರುತು ಹಿಡಿಯುತ್ತಾ? ಮೂಗಲ್ಲಿ ಹಿಡಿಯೋದು! ಇವನೀಗ ಅವಳಿಗೆ ಯಾರೋ ಅಂಗಡಿಯಿಂದ ಬಂದೋನು!”

“ಫೋಟೋದಲ್ಲಿ ಕೊಳಕಾಗಿ ಕಾಣಬಾರದು ಅಂತ ಮಾಡಿದೆ ಕಣಮ್ಮ. ನಿನ್ನ ಹೆಸರೇ ಬರೋದಲ್ವಾ?” ಅತ್ತೆಯ ಕೈಯಲ್ಲಿ ಟವೆಲ್ಲು ಮುದುಡುತ್ತದೆ. “ಮಗು ಹುಟ್ಟಿದ್ರೆ ಸ್ನಾನ ಮಾಡಿಸಲ್ವಾ?”

ಮರಿಯಕ್ಕ ಸುತ್ತ ಹುಡುಕುತ್ತಾರೆ. ನಿನ್ನೆ ಮರಿಯನ್ನು ಒರೆಸಿದ ಗೋಣಿಚೀಲ ಇಲ್ಲೇ ಇತ್ತಲ್ಲ? ಅದರಲ್ಲಿ ಹೆರಿಗೆಯ ನೀರಿನ ವಾಸನೆ ಇರುತ್ತದೆ, ಅದರಿಂದ ತಿಕ್ಕಿದರೆ ಆದೀತು. ಅತ್ತೆ ತಲೆ ತಗ್ಗಿಸಿ ಅಂಗಳದ ಹಗ್ಗದ ಕಡೆ ಕೈ ತೋರಿಸುತ್ತಾರೆ. ಒಗೆದ ಗೋಣಿಚೀಲ ಬಿಸಿಲಿಗೆ ತೂಗುತ್ತಿದೆ. ಗೂಡಿನ ಹುಲ್ಲು? ಮರಿಯಕ್ಕ ಅವಳಿಗಳ ಹೆರಿಗೆಯಲ್ಲಿ ಮುಳುಗಿದ್ದಾಗ ಅದನ್ನೂ ಬದಲಿಸಿ, ಹಳೆಯದನ್ನು ತಿಪ್ಪೆಗೆ ಹಾಕಿ, ಮೇಲೆ ಬೂದಿ ಸುರಿದಾಗಿದೆ. ಜೀವಮಾನದಲ್ಲಿ ಮೊದಲ ಬಾರಿ ಅತ್ತೆ ದೊಡ್ಡಿಗೆ ಕಾಲಿಟ್ಟಿದ್ದಾರೆ. ಇಟ್ಟವರು ಸುಮ್ಮನೆ ಬಂದಿಲ್ಲ.

ಹೊಸ್ತಿಲಾಚೆಯಿಂದ ಯಜಮಾನರು, ಬೆನ್ನು ಹಾಕಿಯೇ: “ಸ್ವಲ್ಪ ಹೊತ್ತು ಬಿಡೇ, ತಾನಾಗೇ ಸರಿ ಹೋಗುತ್ತೆ. ಆಗಲಿಲ್ಲ ಅಂದ್ರೆ ಬಿಡು, ಹೇಗೂ ಕೊಟ್ಟುಬಿಡೋಣ ಅಂದಿದ್ವಲ್ಲ.”

ಈಗ ಮರಿಯಕ್ಕನ ಬಾಯಿಂದ ಬಂದ ಮಾತುಗಳನ್ನು ವಾರಾಂತ್ಯದ ಪುರವಣಿಯಲ್ಲಿ ಅಚ್ಚು ಮಾಡುವಂತಿಲ್ಲ.

ಸಾಲದ್ದಕ್ಕೆ ಅದೇ ಹೊತ್ತಿಗೆ ಅರ್ಧ ಗೋಡೆಯಾಚೆ ಕೆಂಪು ಹಸು ನರಳುತ್ತದೆ. ಅದಕ್ಕೂ ದಿನ ತುಂಬಿದೆ. ಮರಿಯಕ್ಕ ಮರಿಯನ್ನು ನನ್ನ ಕೈಗೆ ತುರುಕಿ, ಬಕೆಟ್ಟನ್ನು ಛಾಯಾಗ್ರಾಹಕನಿಗೆ ಕೊಟ್ಟು, ಗೋಡೆ ಹಾರುತ್ತಾರೆ. ಅಂಗಿ ಬಿಚ್ಚಿ ಗೋಡೆಯ ಮೇಲೆ ಎಸೆದು, ತೋಳು ತೊಳೆದು, ಹಗ್ಗ ಹುಡುಕಿ ತಿರುಗುವಷ್ಟರಲ್ಲಿ ಹಸು ಎರಡು ಸಲ ಮುಕ್ಕಿರಿದು, ಯಾರ ಹಂಗೂ ಇಲ್ಲದೆ ಕರುವನ್ನು ಹುಲ್ಲಿನ ಮೇಲೆ ಇಳಿಸಿ, ತಿರುಗಿ ನೆಕ್ಕಲು ಶುರು ಮಾಡುತ್ತದೆ.

ಸದ್ದು ಕೇಳಿ ಯಜಮಾನರು ಬೆರಳ ಸಂದಿಯಿಂದ ಒಳಗೆ ಇಣುಕುತ್ತಾರೆ. ಅವರ ಸಂಭ್ರಮ ನೋಡಬೇಕು. “ನೋಡಿದ್ರಾ ಸಾರ್? ನಿಮ್ಮ ಕಣ್ಣೆದುರಿಗೇ! ತಾನಾಗೇ!”

ಮರಿಯಕ್ಕ ತೊಳೆದ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತಿದ್ದಾರೆ. ಹಸುವಿನ ಕಡೆ ನೋಡುತ್ತಾರೆ. “ನೀನೂನಾ? ಇವತ್ತೇ ಆಗಬೇಕಿತ್ತಾ ನಿನಗೆ?” ಬೈಯಲು ಹೋದವರಿಗೆ ನಗು ಬಂದುಬಿಡುತ್ತದೆ, ನಗುತ್ತಲೇ ಕಣ್ಣು ಒದ್ದೆಯಾಗುತ್ತದೆ. ಒರೆಸಿಕೊಳ್ಳಲು ಗೋಡೆಯ ಮೇಲಿನ ಅಂಗಿಗೆ ಕೈ ಹಾಕಿ ಮುಖದ ಹತ್ತಿರ ತಂದವರು ಹಾಗೇ ನಿಲ್ಲುತ್ತಾರೆ. ಒಂದು ಸಲ ಮೂಸುತ್ತಾರೆ. ಆಮೇಲೆ ಆ ಗರಿಗರಿಯಾದ ಕಲೆಯನ್ನು ಮೂಗಿಗೆ ಒತ್ತಿ ಇನ್ನೊಂದು ಸಲ.

“ಅತ್ತೆ, ಕತ್ತರಿ ತನ್ನಿ. ಓಡಿ!”

ನಿನ್ನೆ ಗಯ್ಯಾಳಿಯ ಮರಿಯನ್ನು ಎತ್ತಿಕೊಂಡದ್ದು ಈ ಅಂಗಿಯ ಮಡಿಲಲ್ಲಿ. ಇಡೀ ಮನೆಯಲ್ಲಿ ಅತ್ತೆಯ ಕೈಗೆ ಸಿಗದೆ ಉಳಿದ ಬಟ್ಟೆ ಇದೊಂದೇ. ಬೆಳಗಿನ ಅವಳಿಗಳ ಹೊತ್ತಿಗೆ ಮೊಳೆಯ ಮೇಲಿತ್ತು, ಆದ್ದರಿಂದ ಬೇರೆ ಮರಿಗಳ ವಾಸನೆಯೂ ಸೇರಿಲ್ಲ. “ಆಗುತ್ತೋ ಬಿಡುತ್ತೋ ಗೊತ್ತಿಲ್ಲ. ಹೀಗೆ ಯಾರೂ ಮಾಡಿದ್ದು ನಾನು ನೋಡಿಲ್ಲ. ಸೋಪು ಹಾಕಿ ತೊಳೆದದ್ದೂ ನೋಡಿರಲಿಲ್ಲ ಬಿಡಿ,” ಎನ್ನುತ್ತ ಮರಿಯನ್ನು ಬೆಚ್ಚನೆಯ ಬರಿನೀರಿನಲ್ಲಿ ಅದ್ದಿ, ಗುಲಾಬಿಯನ್ನು ಆದಷ್ಟು ತೆಗೆದು, ಒಣಹುಲ್ಲಿನಲ್ಲಿ ತಿಕ್ಕುತ್ತಾರೆ. ಮೊಣಕಾಲ ನಡುವೆ ಗಯ್ಯಾಳಿಯನ್ನು ಸಿಕ್ಕಿಸಿಕೊಂಡು ಅದರದ್ದೇ ಹಾಲನ್ನು ಅಂಗೈಗೆ ಕರೆದು ಮರಿಯ ಬೆನ್ನಿಗೆ, ಬಾಲಕ್ಕೆ ಬಳಿಯುತ್ತಾರೆ.

ಕತ್ತರಿ ಬರುತ್ತದೆ. ಆಗ ನಾನು ದರ್ಜಿಯ ಮಗಳನ್ನು ನೋಡುತ್ತೇನೆ. ಅಳತೆಯಿಲ್ಲ, ಗೆರೆಯಿಲ್ಲ, ಕತ್ತರಿ ಸರಸರ ಓಡುತ್ತದೆ. ಕಲೆಯಿದ್ದ ಮುಂಭಾಗ ಮರಿಯ ಬೆನ್ನಿಗೂ ಬಾಲದ ಬುಡಕ್ಕೂ ಬರುವಂತೆ ತಿರುಗಿಸಿ, ತೋಳುಗಳನ್ನು ಮೊಟಕು ಮಾಡಿ ಮುಂಗಾಲು ತೂರಿಸಿ, ಎರಡು ಗುಂಡಿ ಹೊಟ್ಟೆಯ ಕೆಳಗೆ ಹಾಕುತ್ತಾರೆ. ಮರಿ ಪುಟ್ಟ ಗುಮಾಸ್ತನ ಹಾಗೆ ನಿಂತಿದೆ. “ನಮ್ಮಪ್ಪ ಈ ಕಟಿಂಗ್ ನೋಡಿದ್ರೆ ಮನೆಯಿಂದ ಆಚೆ ಹಾಕ್ತಿದ್ದ,” ಎನ್ನುತ್ತಾರೆ.

“ಅದು ನನ್ನ ಅಂಗಿ ಅಲ್ವಾ?” ಹೊರಗಿನಿಂದ ಯಜಮಾನರು.

“ಆಗಿತ್ತು.”

ಮರಿಯನ್ನು ಗೂಡಿಗೆ ಬಿಟ್ಟಾಗ ಗಯ್ಯಾಳಿ ಕಾಲು ಅಪ್ಪಳಿಸುತ್ತದೆ, ಮೂಸುತ್ತದೆ, ಗುದ್ದುತ್ತದೆ. ಆದರೆ ಈ ಸಲ ಗುದ್ದಿದ ಮೇಲೆ ಮತ್ತೆ ಬಂದು ಮೂಸುತ್ತದೆ. ಮರಿಯಕ್ಕ ಗೂಡಿನೊಳಗೇ ಕುಳಿತು, ಗಯ್ಯಾಳಿಯ ಕತ್ತು ತಬ್ಬಿ ಹಿಡಿದು ಮರಿಗೆ ಕುಡಿಸುತ್ತಾರೆ. ಬಿಟ್ಟರೆ ಗುದ್ದು, ಹಿಡಿದರೆ ಹಾಲು. ಚಹಾ ಬಂದು ಆರುತ್ತದೆ, ಊಟದ ಹೊತ್ತು ಮೀರುತ್ತದೆ. ನನ್ನ ಪ್ರಶ್ನೆಗಳ ಪಟ್ಟಿ ಜೇಬಿನಲ್ಲೇ ಉಳಿಯುತ್ತದೆ. ನಡುವೆ ಒಮ್ಮೆ ಅವರು ಗಯ್ಯಾಳಿಯ ಕಿವಿಯಲ್ಲಿ ಹೇಳುವುದು ಕೇಳಿಸುತ್ತದೆ: “ಹಠ ಬಿಡೇ ಮಾರಾಯ್ತಿ. ನಿನ್ನ ಜೀವ ಉಳಿಸೋಕೆ ಹೊರಟಿದ್ದೀನಿ, ನೀನು ನನ್ನನ್ನೇ ಒದೀತಿದ್ದೀಯ.”

ಅತ್ತೆ ಅಡುಗೆಮನೆಗೆ ಹೋಗಿಲ್ಲ. ದೊಡ್ಡಿಯ ಮೂಲೆಯಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದಾರೆ, ಪಾದದ ತುಂಬ ಕೆಸರು. ನನ್ನನ್ನು ಕರೆದು ಮೆಲ್ಲಗೆ ಹೇಳುತ್ತಾರೆ: “ನಮ್ಮವರು ಹೋಗಿ ಇಷ್ಟು ದಿನ ಆಯ್ತು, ಇಲ್ಲಿ ಏನು ನಡೆಯುತ್ತೆ ಅಂತ ನಾನು ಒಂದು ದಿನ ನೋಡ್ಲಿಲ್ಲ. ಕುರಿ ಅಲ್ವಾ, ತಾನಾಗೇ ಆಗುತ್ತೆ ಅಂದ್ಕೊಂಡೆ.”

ಬಿಸಿಲು ಇಳಿಯುವ ಹೊತ್ತಿಗೆ ಮರಿಯಕ್ಕ ಕೈ ಸಡಿಲಿಸಿ ಹಿಂದೆ ಸರಿಯುತ್ತಾರೆ. ಗಯ್ಯಾಳಿ ಮರಿಯ ಬಾಲದ ಹತ್ತಿರ ಅಂಗಿಯ ಅಂಚನ್ನು ಮೂಸುತ್ತದೆ. ನಾವೆಲ್ಲ ಗುದ್ದಿಗಾಗಿ ಕಾಯುತ್ತೇವೆ. ಅದು ನಾಲಗೆ ಚಾಚಿ ಒಮ್ಮೆ ನೆಕ್ಕುತ್ತದೆ. ಮತ್ತೆ ನೆಕ್ಕುತ್ತದೆ. ಗಂಟಲಿನಿಂದ ಗೊರಗೊರ ಎಂಬ ಸಣ್ಣ ಸದ್ದು ಬರುತ್ತದೆ. ಅಂಗಿ ತೊಟ್ಟ ಬಾಲ ಕೆಚ್ಚಲ ಕೆಳಗೆ ಗಿರಗಿರನೆ ಅಲ್ಲಾಡುತ್ತದೆ.

ಅತ್ತೆ ಎದ್ದು ಬಂದು, ಹಲಗೆಯಾಚೆಯಿಂದ ಕೈ ಚಾಚಿ, ಸೊಸೆಯ ಬೆನ್ನು ತಟ್ಟುತ್ತಾರೆ. “ಗೆದ್ದೆ ಬಿಡಮ್ಮ,” ಎನ್ನುತ್ತಾರೆ. ಮರಿಯಕ್ಕ ತಿರುಗಿ ನೋಡುವುದಿಲ್ಲ. ತುಂಬ ಹೊತ್ತು ಹುಲ್ಲು ಸರಿಪಡಿಸುತ್ತಾರೆ.

ಛಾಯಾಗ್ರಾಹಕ ಕ್ಯಾಮೆರಾ ಎತ್ತಿದಾಗ ಅವರು ಕೈ ಅಡ್ಡ ಹಿಡಿದು “ನನ್ನದು ಬೇಡ, ಅವನದ್ದು ತೆಗೀರಿ” ಎನ್ನುತ್ತಾರೆ. ಹಾಗಾಗಿ ಈ ಪುಟದಲ್ಲಿ ನೀವು ನೋಡುತ್ತಿರುವುದು ನೀಲಿ ಗೀಟಿನ ಅಂಗಿ ತೊಟ್ಟ ಒಂದು ಕುರಿಮರಿ. ಅಂಚಿನಲ್ಲಿ ಗುಂಡಿ ಸರಿ ಮಾಡುತ್ತಿರುವ ಚಿಕ್ಕ ಕೈ ಮರಿಯಕ್ಕನದು. ನಿಮಗೆ ಏನಾದರೂ ಆಸೆ ಇದೆಯೇ ಎಂಬ ನಮ್ಮ ಮಾಮೂಲಿ ಪ್ರಶ್ನೆಯನ್ನು ಕೊನೆಗೂ ಕೇಳುತ್ತೇನೆ. “ಇದೆ. ಮರಿಗೆ ಸ್ನಾನ ಮಾಡಿಸಬೇಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ,” ಎನ್ನುತ್ತಾರೆ.

ಗೇಟಿನ ಹತ್ತಿರ ಸಂಜೆಯ ಹಾರನ್ನು. ಹಾಲಿನ ಗಾಡಿಯವನ ದನಿ: “ಏನಣ್ಣಾ, ಹಸುನೂ ಈಯ್ತಂತೆ! ಗಯ್ಯಾಳಿ ಮರಿ ಸೇರಿಸ್ಕೊಂಡಳಾ?”

“ಸೇರಿಸ್ಕೊಂಡಳಪ್ಪಾ,” ಎನ್ನುತ್ತಾರೆ ಯಜಮಾನರು. “ತಾನಾ…” ಅಲ್ಲಿಗೆ ಮಾತು ನಿಲ್ಲುತ್ತದೆ. ಅವರು ದೊಡ್ಡಿಯ ಕಡೆ ತಿರುಗುತ್ತಾರೆ. ಈ ಸಲ ಬೆನ್ನಲ್ಲ, ಮುಖ. “ನನಗೇನು ಗೊತ್ತಪ್ಪಾ. ಅವಳನ್ನೇ ಕೇಳು.”

“ಅಕ್ಕಾ, ಹೇಗಕ್ಕಾ ಸೇರಿಸಿದ್ರಿ?” ಎಂದು ಅವನು ಗೇಟಿನಿಂದಲೇ ಕೂಗುತ್ತಾನೆ.

ಒಳಗೆ ಇನ್ನೊಂದು ಕುರಿ ನೆಲ ಕೆರೆಯಲು ಶುರು ಮಾಡಿದೆ. ಮರಿಯಕ್ಕ ಕೈ ತೊಳೆಯಲು ಏಳುತ್ತ ಗದರುತ್ತಾರೆ: “ಈಗ ಪುರುಸೊತ್ತಿಲ್ಲ ಅನ್ನಿ! ನಾಳೆ ಬೆಳಿಗ್ಗೆ ಗಾಡಿ ನಿಲ್ಲಿಸಿ ಒಳಗೆ ಬರ್ಲಿ. ಕೂತು ಹೇಳ್ತೀನಿ, ಮೊದಲಿಂದ.”